ಪೂಜೆಯ ದಿನ ಹತ್ತಿದ ಹಳದಿ ದೀಪ

ಕಿವಿಯ ಮೇಲೆ ಮೊದಲ ಏಟು ಬಿದ್ದಾಗ ಗೌರೀಶ್ ಯಂತ್ರದ ಬುಡದಲ್ಲಿ ಚೆಲ್ಲಿದ್ದ ರಕ್ತಕ್ಕೆ ಮರಳು ಹಾಕುತ್ತಿದ್ದ. ಎರಡನೆಯದು ಹೆಗಲಿಗೆ ಬಿತ್ತು. ಆ ಮರಳಿನ ಮೇಲೆಯೇ ಕುಸಿದ.

"ನನ್ನ ತಮ್ಮನ ಬೆರಳು ಹೋದ್ವಲ್ಲೋ! ಇನ್ನು ಯಾವ ಕೈಲಿ ಉಣ್ತಾನ್ಲಾ ಅವ್ನು?" ಚಿಕ್ಕಬಸಪ್ಪ ತಗಡಿನ ಕೊಳವೆಯನ್ನು ಮತ್ತೆ ಬೀಸಿದ.

ಪಿರಿಯಾಪಟ್ಟಣದ ಆ ಶೆಡ್ಡಿನಲ್ಲಿ ಹೊಗೆಸೊಪ್ಪು ಒಣಗಿಸುವ ಬ್ಯಾರನ್‌ಗಳಿಗೆ ತಗಡಿನ ಕೊಳವೆ ಮಾಡುತ್ತಿದ್ದರು. ತಗಡು ಕತ್ತರಿಸುವ ಯಂತ್ರವನ್ನು ನಡೆಸುತ್ತಿದ್ದದ್ದು ಒಂದು ಹಳೇ ಕಂಪ್ಯೂಟರ್, ಅದರೊಳಗೆ ಅದಕ್ಕಿಂತ ಹಳೆಯ ಡಾಸ್ ಪ್ರೋಗ್ರಾಂ. ಪೆಡಲ್ ಒತ್ತಿದರೆ ಕೀಂಯ್ ಎನ್ನುತ್ತದೆ. ಕೈ ತೆಗೆಯುವಷ್ಟು ಹೊತ್ತು ಕಾದು ಬ್ಲೇಡ್ ಇಳಿಸುತ್ತದೆ. ಆದರೆ ಅದು ಗಡಿಯಾರ ನೋಡಿ ಕಾಯುವುದಿಲ್ಲ, ಅಂಕಿ ಎಣಿಸಿ ಕಾಯುತ್ತದೆ. ಪ್ರೊಸೆಸರ್ ಜೋರಾದರೆ ಎಣಿಕೆ ಚಿಟಿಕೆ ಹೊಡೆಯುವುದರೊಳಗೆ ಮುಗಿಯುತ್ತದೆ. ಅದಕ್ಕೇ ಯಂತ್ರ ನೋಡಿಕೊಳ್ಳುವ ಗೌರೀಶ್ ಕಂಪ್ಯೂಟರಿನ ಮುಂದಿದ್ದ, ವೇಗ ಹೆಚ್ಚಿಸುವ ಟರ್ಬೊ ಬಟನ್ ಆರಿಸಿ, ಪ್ರೊಸೆಸರನ್ನು ನಿಧಾನ ಮಾಡಿ, ಮೇಲೆ ಟೇಪು ಅಂಟಿಸಿದ್ದ. ಬಟನ್ ಪಕ್ಕದ ಹಳದಿ ದೀಪ ಎಂದೂ ಹತ್ತುತ್ತಿರಲಿಲ್ಲ.

ಆಯುಧಪೂಜೆ ಮುಗಿದ ಮೇಲೆ ಇವತ್ತೇ ಮೊದಲ ಕೆಲಸ. ಕೀಂಯ್ ಅಂದದ್ದೂ ಚಿಕ್ಕಬಸಪ್ಪನ ತಮ್ಮ ಬಸವಪ್ರಸಾದ್ ಕಿರುಚಿದ್ದೂ ಒಟ್ಟಿಗೇ ಕೇಳಿತ್ತು.

ಚಿಕ್ಕಬಸಪ್ಪ ಗೌರೀಶನ ಕೂದಲು ಹಿಡಿದೆಬ್ಬಿಸಿ, ಅವನ ಬಲಗೈಯನ್ನು ಬ್ಲೇಡಿನ ಕೆಳಗೆ ಅದುಮಿದ. ಕಾಲನ್ನು ಪೆಡಲಿನ ಮೇಲಿಟ್ಟ.

"ಮಿಷನ್ ಸರಿಯಾಗೈತೆ ಅಂದ್ಯಲ್ಲ, ಈಗ ನೀನೇ ನೋಡ್ಲಾ."

"ಬುಡಣ್ಣ, ದಮ್ಮಯ್ಯ!"

ಬಾವ ಸಿಟ್ಟಿನಲ್ಲಿ ಹೊರಟದ್ದನ್ನು ಕಂಡು ಬಸವಪ್ರಸಾದನ ಹೆಂಡತಿ ಆಶಾರಾಣಿ ಆಸ್ಪತ್ರೆಯಿಂದ ಹಿಂದೆಯೇ ಓಡಿ ಬಂದಳು. ಸೀರೆಯ ತುಂಬ ಗಂಡನ ರಕ್ತ. "ಬಾವ, ಬುಡಿ ಬಾವ!"

ಆಗ ಗೌರೀಶನ ಕಣ್ಣು ಕಂಪ್ಯೂಟರಿನ ಮೇಲೆ ಬಿತ್ತು. ಬಾಡಿದ ಸೇವಂತಿಗೆ ಹಾರ, ವಿಭೂತಿಯ ಪಟ್ಟೆ. ಟೇಪು ಇರಲಿಲ್ಲ. ಬಟನ್ ಮೇಲೆ ಕುಂಕುಮದ ಬೊಟ್ಟು, ಪಕ್ಕದಲ್ಲಿ ಹಳದಿ ದೀಪ ಉರಿಯುತ್ತಿತ್ತು. ನಿನ್ನೆ ಅವನು ಹೊರಗೆ ಬಾಳೆಕಂದು ಕಟ್ಟುತ್ತಿದ್ದಾಗ, ಪೂಜೆಗೆ ಕಂಪ್ಯೂಟರ್ ಒರೆಸುತ್ತಿದ್ದ ಆಶಾರಾಣಿ ಒಳಗಿಂದ ಕೂಗಿದ್ದಳು: "ಅಬ್ಬದ ದಿನ ಇದೊಂದು ದೀಪ ಯಾಕ್ ಆರ್ಕೊಂಡೈತೆ?" ಅವನು ಕಿವಿಗೆ ಹಾಕಿಕೊಂಡಿರಲಿಲ್ಲ.

ಎಡಗೈ ಚಾಚಿ ಬಟನ್ ಒತ್ತಿದ. ದೀಪ ಆರಿತು.

"ಅದೇನ್ಲಾ ಒತ್ತಿದ್ದು?"

"ಈ ದೀಪ ಹತ್ತಿದ್ರೆ ಮಿಷನ್ ಕಾಯಲ್ಲ ಕಣಣ್ಣ."

"ಹತ್ತಿಸ್ದೋರು ಯಾರು? ಯೋಳ್ಲಾ! ಅವರ ಕೈನೇ ಇಲ್ಲಿಕ್ತೀನಿ."

ಆಶಾರಾಣಿಯ ಮುಖ ಬಿಳಿಚಿಕೊಂಡದ್ದನ್ನು ಗೌರೀಶ್ ಕಂಡ.

"ನಾನೇ ಕಣಣ್ಣ. ಒರೆಸ್ವಾಗ ಒತ್ತೋಯ್ತು."

ಚಿಕ್ಕಬಸಪ್ಪ ಪೆಡಲ್ ತುಳಿದ.

ಕೀಂಯ್.

ಯಂತ್ರ ಎಣಿಸತೊಡಗಿತು.

"ನಾನು ಬಾವ! ಹತ್ತಿಸಿದ್ದು ನಾನು!"

ಹಿಡಿತ ಸಡಿಲವಾಯಿತು. ಗೌರೀಶ್ ಕೈ ಎಳೆದುಕೊಂಡ. ಬ್ಲೇಡ್ ದಡ್ಡನೆ ಇಳಿದು ಅಂಗಿಯ ತೋಳಿನ ತುದಿಯನ್ನು ಕತ್ತರಿಸಿತು.

ಚಿಕ್ಕಬಸಪ್ಪ ಕೊಳವೆ ಎತ್ತಿ ಅವಳ ಕಡೆ ತಿರುಗಿದ. ಅವಳು ಅಲುಗಲಿಲ್ಲ. ಎತ್ತಿದ ಕೈ ಹಾಗೇ ನಿಂತಿತು. ಆಮೇಲೆ ಅದು ಇಳಿದದ್ದು ಕಂಪ್ಯೂಟರಿನ ಮೇಲೆ. ಒಂದಲ್ಲ, ಎರಡಲ್ಲ, ಗಾಜೂ ತಂತಿಯೂ ಸೇವಂತಿಗೆಯೂ ನೆಲದ ತುಂಬ ಹರಡುವ ತನಕ ಬಡಿದ.

ಏದುಸಿರು ಬಿಡುತ್ತ ಕೊಳವೆ ಎಸೆದ.

"ಮಿಷನ್ ಕೆಟ್ಟೋಗಿತ್ತು. ಬಸವಂಗೆ ಇಬ್ರೂ ಅಂಗೇ ಯೋಳಿ," ಎಂದ. "ನಡೀರಿ, ಆಸ್ಪತ್ರೇಲಿ ಅವ್ನೊಬ್ನೇ ಅವ್ನೆ."