ಇಸ್ತ್ರಿ ಪೆಟ್ಟಿಗೆಯ ಹಸಿರು ದುಂಡು

ನಮ್ಮ ಯಜಮಾನರು ಹಗಲೆಲ್ಲ ಕನ್ನಡಕದ ಅಂಗಡಿಯಲ್ಲಿ ಕೂತು ಕಂಡವರ ಕಣ್ಣು ಪರೀಕ್ಷೆ ಮಾಡುತ್ತಾರೆ. ಸಂಜೆ ಮನೆಗೆ ಬಂದು ಲ್ಯಾಪ್‌ಟಾಪ್ ಮುಂದೆ ತಮ್ಮ ಕಣ್ಣು ಹಾಳುಮಾಡಿಕೊಳ್ಳುತ್ತಾರೆ. ಪ್ರೋಗ್ರಾಮ್ ಬರೆಯುವುದು ಅವರ ಹವ್ಯಾಸ. ಕುಡಿತ, ಇಸ್ಪೀಟು ಇಲ್ಲವಲ್ಲ ಎಂದು ನನ್ನ ಅಕ್ಕ ಸಮಾಧಾನ ಹೇಳುತ್ತಾಳೆ. ಅವಳಿಗೇನು, ಅವಳ ಮನೆಯ ಗಿಡಕ್ಕೆ ನೀರು ಹಾಕಲು ಒಂದು ಚೊಂಬು ಸಾಕು.

ನಮ್ಮ ಮನೆಯಲ್ಲಿ ಹಾಗಲ್ಲ. ಹೂಕುಂಡಕ್ಕೆ ಬಾಯಾರಿದರೆ ಫೋನಿಗೆ ಸಂದೇಶ ಬರಬೇಕೆಂದು ಇವರು ಪಣ ತೊಟ್ಟರು. ಸಂದೇಶದ ಅಕ್ಷರ ಯಾವ ಬಣ್ಣದಲ್ಲಿರಬೇಕು ಎಂದು ತಲೆ ಕೆಡಿಸಿಕೊಂಡು ಕೂತಿರುವಾಗಲೇ ಗಿಡ ಒಣಗಿ ಕಡ್ಡಿಯಾಯಿತು. ಆಮೇಲೆ ಫ್ರಿಜ್ಜಿನ ಮೊಟ್ಟೆ ಎಣಿಸುವ ಯಂತ್ರ ಬಂತು. ಅದು ಆಲೂಗಡ್ಡೆಯನ್ನೂ ಮೊಟ್ಟೆಯೆಂದು ಎಣಿಸಿ ಶೆಲ್ಫು ಸೇರಿತು. ಯಾವುದನ್ನು ಕೇಳಿದರೂ 'ಮುಗೀತಾ ಬಂತು ಕಣೆ' ಎನ್ನುತ್ತಾರೆ. ಮುಗಿದದ್ದು ಒಂದನ್ನೂ ನಾನು ಕಂಡಿಲ್ಲ.

ನನ್ನ ಹುಚ್ಚು ಬೇರೆ ಥರದ್ದು. ನಾನು ಮನೆಯಲ್ಲೇ ಬಟ್ಟೆ ಹೊಲಿಯುವವಳು. ಹಿಂದೊಮ್ಮೆ ಇಸ್ತ್ರಿ ಪೆಟ್ಟಿಗೆ ಆರಿಸದೆ ದಾರ ತರಲು ಹೋಗಿ, ಬರುವಷ್ಟರಲ್ಲಿ ಗಿರಾಕಿಯ ಕೋಟಿನ ತೋಳು ಕರಕಲಾಗಿತ್ತು. ಅಂದಿನಿಂದ ಮನೆಗೆ ಬೀಗ ಹಾಕಿ ನಾಲ್ಕು ಹೆಜ್ಜೆ ಇಟ್ಟರೆ ಸಾಕು, ಆರಿಸಿದೆನೋ ಇಲ್ಲವೋ ಎಂಬ ಹುಳ ತಲೆ ಕೊರೆಯುತ್ತದೆ. ಎಲ್ಲಿದ್ದರೂ ಎದ್ದು ಓಡಿಬರುತ್ತೇನೆ. ಆ ಪೆಟ್ಟಿಗೆ ಪ್ರತಿ ಸಲವೂ ತಣ್ಣಗೆ ಕೂತಿರುತ್ತದೆ. ಹೋದ ವರ್ಷ ಮಗಳ ಶಾಲೆಯ ನಾಟಕದ ನಡುವೆಯೂ ಹೀಗೇ ಓಡಿಬಂದೆ. ಅವಳು ಮರವಾಗಿ ಬಹಳ ಚೆನ್ನಾಗಿ ನಿಂತಿದ್ದಳಂತೆ.

ಈ ವರ್ಷ ಅವಳಿಗೆ ಮಾತಾಡುವ ನಾಯಿಯ ಪಾತ್ರ ಸಿಕ್ಕಿತು. "ಕಳ್ಳ ಆ ಕಡೆ ಹೋದ!" ಎಂಬುದೊಂದೇ ಮಾತು. ಅದನ್ನೇ ದಿನವಿಡೀ ಕೂಗಿ ಕೂಗಿ ನಮ್ಮ ಕಿವಿ ತೂತು ಮಾಡಿದಳು.

"ಅಮ್ಮ, ಈ ಸಲಾನೂ ನೀನು ಎದ್ದು ಹೋದ್ರೆ ನಾನು ನಾಟಕಾನೇ ಮಾಡಲ್ಲ, ಇನ್ಯಾವತ್ತೂ" ಎಂದಳು. ಅವಳ ಮುಖದಲ್ಲಿ ತಮಾಷೆ ಇರಲಿಲ್ಲ.

ಯಜಮಾನರಿಗೆ ಮಾತ್ರ ಹಬ್ಬ. ಇಸ್ತ್ರಿ ಪೆಟ್ಟಿಗೆಯ ಪ್ಲಗ್ಗಿಗೆ ಒಂದು ಡಬ್ಬಿ ಸಿಕ್ಕಿಸಿದರು. ಪೆಟ್ಟಿಗೆ ಕಾಯುತ್ತಿದ್ದರೆ ನನ್ನ ಫೋನಿನಲ್ಲಿ ಕೆಂಪು ದುಂಡು, ಆರಿದ್ದರೆ ಹಸಿರು. ನಾಟಕದ ದಿನ ಮಗಳು ಬಾಲ ಕಟ್ಟಿಕೊಂಡು ಬಾಗಿಲಲ್ಲಿ ನಿಂತಾಗ ಇವರ ಕೆಲಸ ಮುಗಿಯಿತು.

"ಒಂದ್ಸಲ ಹಚ್ಚಿ ನೋಡೋಣ್ವಾ?" ಎಂದೆ.

"ಆಟೋ ಕಾಯ್ತಿದೆ. ನೀನು ಕಣ್ಣು ಮುಚ್ಕೊಂಡು ನಂಬು."

ಕನ್ನಡಕ ಮಾರುವವರು ಆಡುವ ಮಾತೇ ಇದು? ಆದರೂ ನಂಬಿದೆ.

ಸಭಾಂಗಣದಲ್ಲಿ ಪರದೆ ಏಳುವ ಮೊದಲೇ ಹುಳ ಎದ್ದಿತು. ಫೋನ್ ನೋಡಿದೆ, ಹಸಿರು. ಮತ್ತೆ ನೋಡಿದೆ, ಹಸಿರೇ. ಎಷ್ಟು ಹಾಯೆನಿಸಿತೆಂದರೆ, ಮದುವೆಯಾದ ಮೇಲೆ ಮೊದಲ ಬಾರಿಗೆ ಇವರ ಬುದ್ಧಿಯ ಬಗ್ಗೆ ಹೆಮ್ಮೆಪಟ್ಟೆ. ಹೇಳಿಬಿಡೋಣವೆಂದು ತಿರುಗಿದರೆ ಇವರ ಮುಖ ಬಿಳಿಚಿಕೊಂಡಿತ್ತು. "ಬಾತ್‌ರೂಮ್" ಎಂದು ಪಿಸುಗುಟ್ಟಿ, ಸಾಲಿನಲ್ಲಿದ್ದವರ ಕಾಲೆಲ್ಲ ತುಳಿದುಕೊಂಡು ಹೊರಗೆ ಓಡಿದರು.

ಮಗಳು ರಂಗದ ಮೇಲೆ ಬಂದಳು. ಬಾಯಿ ತೆರೆದಳು, ಮಾತು ಮರೆತುಹೋಯಿತು. ಅವಳ ಕಣ್ಣು ಗಾಬರಿಯಿಂದ ಸಾಲು ಸಾಲು ಹುಡುಕಿ ನನ್ನ ಮೇಲೆ ಬಂದು ನಿಂತಿತು. ನಾನು ಕೈ ಎತ್ತಿದೆ. ಅವಳು ಉಸಿರೆಳೆದುಕೊಂಡು "ಭೌ!" ಎಂದು ಬೊಗಳಿದ ರಭಸಕ್ಕೆ ಕಳ್ಳನ ಪಾತ್ರಧಾರಿ ಹೌಹಾರಿ ನಿಜಕ್ಕೂ ಓಡಿಹೋದ. ಜನ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ, ನಗುತ್ತಲೇ ಅತ್ತೆ. ಪಕ್ಕದ ಕುರ್ಚಿ ಖಾಲಿಯಿತ್ತು.

ಯಜಮಾನರು ಹಿಂತಿರುಗುವಾಗ ನಾಟಕ ಮುಗಿದು, ಶಾಲೆಯವರು ಕುರ್ಚಿ ಜೋಡಿಸಿಡುತ್ತಿದ್ದರು.

"ಅಪ್ಪ, ನನ್ನ ಮಾತು ಹೇಗ್ ಹೇಳ್ದೆ?" ಮಗಳು ಕೇಳಿದಳು.

"ಏನ್ ಸ್ಪಷ್ಟ ಪುಟ್ಟಿ! ಕೊನೇ ಸಾಲಿನವರೆಗೂ ಕೇಳಿಸ್ತು."

"ನಾನು ಮಾತು ಹೇಳ್ಲೇ ಇಲ್ಲ. ಬೊಗಳ್ದೆ."

ಸಿಕ್ಕಿಬಿದ್ದ ಮೇಲೆ ಬಾಯಿ ಬಿಟ್ಟರು. "ಬಣ್ಣ ಹೇಗ್ ಕಾಣುತ್ತೆ ನೋಡೋಣ ಅಂತ, ಯಾವಾಗ್ಲೂ ಹಸಿರೇ ತೋರ್ಸು ಅಂತ ಒಂದು ಸಾಲು ಬರೆದಿದ್ದೆ ಕಣೆ. ತೆಗೆಯೋದು ಮರೆತೆ. ಇಲ್ಲಿ ಕೂತಾಗ ನೆನಪಾಗಿ ಮನೆಗೆ ಓಡಿದೆ. ಮನೆ ಹೊತ್ತಿ ಉರಿದ್ರೂ ಅದು ಹಸಿರೇ."

"ಆಗ್ಲೇ ನನಗೆ ಹೇಳೋಕೇನಾಗಿತ್ತು?"

"ಹೇಳಿದ್ರೆ ನೀನು ಓಡ್ತಿದ್ದೆ."

ನನಗೆ ಮೈಯೆಲ್ಲ ಉರಿಯಿತು. ನನ್ನ ನೆಮ್ಮದಿಯೆಲ್ಲ ಇವರು ಬಣ್ಣ ನೋಡಲು ಬರೆದ ಒಂದು ಸುಳ್ಳು! ಚೆನ್ನಾಗಿ ಬೈಯಬೇಕೆಂದು ನೋಡಿದರೆ ಅಂಗಿ ಬೆವರಿಗೆ ಬೆನ್ನಿಗಂಟಿತ್ತು, ಒಂದು ಚಪ್ಪಲಿಯ ಉಂಗುಷ್ಟ ಕಿತ್ತುಹೋಗಿತ್ತು. ಕಾಲೆಳೆಯುತ್ತಾ ಬಂದು ನಿಂತಿದ್ದ ಮನುಷ್ಯನನ್ನು ಏನೆಂದು ಬೈಯಲಿ?

"ಆರಿತ್ತಾ?" ಎಂದೆ.

"ತಣ್ಣಗಿತ್ತು."

ಮನೆಗೆ ಬಂದೊಡನೆ ಇವರು ಮೊದಲು ಆ ಸುಳ್ಳು ಸಾಲನ್ನು ಅಳಿಸಿದರು. ಮಗಳು ಅಪ್ಪನನ್ನು ನನ್ನ ಹೊಲಿಗೆ ಯಂತ್ರದ ಸ್ಟೂಲಿನ ಮೇಲೆ ಕೂರಿಸಿ, ಅಳತೆ ಟೇಪನ್ನು ಬಾಲ ಮಾಡಿಕೊಂಡು ಎರಡನೇ ಪ್ರದರ್ಶನಕ್ಕೆ ಸಿದ್ಧಳಾದಳು. ಅಷ್ಟರಲ್ಲಿ ನನ್ನ ಫೋನ್ ಚೀರಿತು. ಕೆಂಪು ದುಂಡು. ಇಸ್ತ್ರಿ ಪೆಟ್ಟಿಗೆ ಎದುರಿನ ಮೇಜಿನ ಮೇಲೇ ಇತ್ತು, ಅದರ ವೈರು ಡಬ್ಬಿಯಿಂದ ಕಳಚಿ ಕೆಳಗೆ ನೇತಾಡುತ್ತಿತ್ತು.

"ಛೆ, ಡಬ್ಬಿಯೊಳಗೇ ಏನೋ ಎಡವಟ್ಟಾಗಿದೆ. ಎರಡೇ ನಿಮಿಷ, ಮುಗೀತಾ ಬಂತು" ಎಂದು ಇವರು ಎದ್ದರು.

ನಾನು ಹೆಗಲು ಹಿಡಿದು ಕೂರಿಸಿದೆ. ಫೋನನ್ನು ಬಟ್ಟೆ ರಾಶಿಯೊಳಗೆ ತುರುಕಿದೆ.

"ಸುಮ್ನೆ ಕೂತ್ಕೊಳ್ರೀ. ಸುಟ್ರೆ ಸುಡಲಿ."

ಮಗಳು ನಮ್ಮಿಬ್ಬರನ್ನೂ ಒಮ್ಮೆ ನೋಡಿ, ಉಸಿರೆಳೆದುಕೊಂಡು ಬೊಗಳಿದಳು.