ಕುದುರೆ ಕೊಟ್ಟು ಆಡುವವನು

ಶಟರನ್ನು ಅರ್ಧ ಎತ್ತಿದ್ದಾಗಲೇ ದರ್ಜಿಯ ಮಗಳು ಬಂದು ನಿಂತಳು. ಅವಳ ಕಾಲಲ್ಲಿ ಚಪ್ಪಲಿ ಇಲ್ಲದ್ದನ್ನು ನೋಡಿ ಮಾತ್ರೆಯಣ್ಣ ಶಟರನ್ನು ಅಲ್ಲಿಗೇ ಬಿಟ್ಟ. ಔಷಧಿ ಅಂಗಡಿಯವನನ್ನು ಬೀದಿಯವರೆಲ್ಲ ಕರೆಯುತ್ತಿದ್ದುದು ಮಾತ್ರೆಯಣ್ಣ ಎಂದೇ.

"ಮಾವ, ಅಪ್ಪ ಏಳ್ಲೇ ಇಲ್ಲ," ಎಂದಳು. "ನಿದ್ದೇಲೇ ಹೋಗ್ಬಿಟ್ಟಿದ್ದಾರೆ."

ಮಾತ್ರೆಯಣ್ಣ ಶಟರನ್ನು ಮತ್ತೆ ಕೆಳಗೆಳೆದ.

ಅವನು ಹೋಗುವಷ್ಟರಲ್ಲಿ ಮನೆ ತುಂಬಿತ್ತು. ಹೊಲಿಗೆ ಯಂತ್ರವನ್ನು ಗೋಡೆಗೆ ಸರಿಸಿ, ಬಟ್ಟೆ ಕತ್ತರಿಸುವ ಮೇಜಿನ ಪಕ್ಕದಲ್ಲಿ ದರ್ಜಿಯನ್ನು ಮಲಗಿಸಿದ್ದರು. ತಲೆಯ ಬಳಿಯ ಜಾಗ ತನ್ನದೇ ಎಂದುಕೊಂಡು ಬಂದರೆ ಅಲ್ಲಿ ಮೂಲೆಯ ಬೇಕರಿಯವನು ಕೂತಿದ್ದ. ತೋಳಿಗೆ ಇನ್ನೂ ಹಿಟ್ಟು ಮೆತ್ತಿತ್ತು. ಮಗುವಿನಂತೆ ಬಿಕ್ಕುತ್ತಿದ್ದ. ಬ್ರೆಡ್ ಮಾರುವವನಿಗೆ ಇಷ್ಟೊಂದು ಅಳು ಯಾಕೋ ಮಾತ್ರೆಯಣ್ಣನಿಗೆ ತಿಳಿಯಲಿಲ್ಲ.

"ಅಣ್ಣ, ನಮ್ಮೋರು ದಿನಾ ಬೆಳಿಗ್ಗೆ ಈ ಬೇಕರಿಯವರ ಹತ್ರ ಚದುರಂಗಕ್ಕೆ ಕೂರ್ತಿದ್ರಂತೆ," ಎಂದಳು ದರ್ಜಿಯ ಹೆಂಡತಿ, ಕಣ್ಣೊರೆಸಿಕೊಳ್ಳುತ್ತ. "ನಂಗೂ ಈಗ್ಲೇ ಗೊತ್ತಾಗಿದ್ದು. ಒಂದು ಬ್ರೆಡ್ ತರೋಕೆ ಇಷ್ಟು ಹೊತ್ತಾ ಅಂದ್ರೆ, ಕ್ಯೂ ಇತ್ತು ಕಣೇ ಅಂತಿದ್ರು."

ಅಳುತ್ತಿದ್ದವರಲ್ಲೇ ಯಾರೋ ನಕ್ಕರು. ಮಾತ್ರೆಯಣ್ಣ ನಗದೆ ಹೊರಗೆ ನಡೆದ.

*

ದಿನಾ ಸಂಜೆ ಗಿರಾಕಿಗಳು ಕಡಿಮೆಯಾದ ಮೇಲೆ ಮಾತ್ರೆಯಣ್ಣ, ದರ್ಜಿ ಇಬ್ಬರೂ ಔಷಧಿ ಅಂಗಡಿಯ ಗಾಜಿನ ಕೌಂಟರಿನ ಮೇಲೆ ಚದುರಂಗದ ಹಲಗೆ ಹಾಸುತ್ತಿದ್ದರು. ಬಿಳಿ ಕಾಯಿ ಸಿಕ್ಕಾಗಲೆಲ್ಲ ದರ್ಜಿಯದು ಒಂದೇ ಆಟ. ನಾಲ್ಕನೆಯ ನಡೆಗೇ ಒಂದು ಬಡ ಕಾಲಾಳಿಗೋಸ್ಕರ ಕುದುರೆಯನ್ನೇ ಕೊಟ್ಟುಬಿಡುತ್ತಿದ್ದ. ಆಮೇಲೆ ಕಾಲಾಳುಗಳನ್ನು ನುಗ್ಗಿಸಿ ಎದುರಾಳಿಯ ಕುದುರೆಗಳನ್ನು ಅಟ್ಟಾಡಿಸುವುದು. ನೋಡಲು ಸೊಗಸು, ಒಳಗೆ ಟೊಳ್ಳು. ಹೊತ್ತು ನೋಡಿ ತಿಂದ ಕುದುರೆಗೆ ಬದಲಾಗಿ ತನ್ನದೊಂದು ಕುದುರೆಯನ್ನು ಕೊಟ್ಟುಬಿಟ್ಟರೆ ಆ ದಾಳಿ ತಣ್ಣಗಾಗುತ್ತದೆಂದು ಮಾತ್ರೆಯಣ್ಣ ಬಲ್ಲ.

"ಅದು ಕೊಳೆತ ಆಟ ಕಣೋ, ಬಿಡು," ಎನ್ನುತ್ತಿದ್ದ.

"ಬಟ್ಟೆ ಚೆನ್ನಾಗೇ ಇದೆ. ಹೊಲಿಗೆ ಸರಿ ಬಿದ್ದಿಲ್ಲ ಅಷ್ಟೇ. ನಾಳೆ ನೋಡು," ಎನ್ನುತ್ತಿದ್ದ ದರ್ಜಿ.

ಮರುದಿನ ಮಂತ್ರಿ ಸ್ವಲ್ಪ ಮೊದಲೇ ಹೊರಡುತ್ತಿತ್ತು, ಇಲ್ಲವೇ ಒಂಟೆ ಬೇರೆ ಮನೆಯಲ್ಲಿ ಕೂರುತ್ತಿತ್ತು. ದರ್ಜಿ ಮತ್ತೆ ಸೋಲುತ್ತಿದ್ದ. ತನ್ನನ್ನು ಸೋಲಿಸಲೆಂದೇ ದರ್ಜಿ ಒಬ್ಬನೇ ಕೂತು ಇಷ್ಟು ತಲೆ ಕೆಡಿಸಿಕೊಳ್ಳುತ್ತಾನಲ್ಲ ಎಂದು ಮಾತ್ರೆಯಣ್ಣ ಒಳಗೊಳಗೇ ಬೀಗುತ್ತಿದ್ದ. ಹೆಂಡತಿ ತೀರಿಕೊಂಡ ಮೇಲೆ ತನ್ನದು ಅಂತ ಮಾತ್ರೆಯಣ್ಣನಿಗೆ ಉಳಿದದ್ದು ಆ ಸಂಜೆಯ ಆಟವೊಂದೇ.

*

ಶವದ ಗಾಡಿ ಬರುವುದನ್ನು ಕಾಯುತ್ತ ಮಾತ್ರೆಯಣ್ಣ ದರ್ಜಿಯ ಮನೆಯ ಹೊರಗಿನ ಬೆಂಚಿನ ಮೇಲೆ ಕೂತಿದ್ದಾಗ ಬೇಕರಿಯವನೇ ಬಂದು ಪಕ್ಕದಲ್ಲಿ ಕೂತ.

"ನಿಮ್ಮ ಹತ್ರಾನೂ ಕುದುರೆ ಕೊಡ್ತಿದ್ನಾ?" ಮಾತ್ರೆಯಣ್ಣನ ಧ್ವನಿ ಒರಟಾಗಿತ್ತು.

"ಅದು ಬಿಟ್ಟು ಬೇರೆ ಆಟಾನೇ ಇಲ್ಲ."

"ಗೆಲ್ತಿದ್ನಾ?"

"ನಾನೆಲ್ಲಿ ಆಡ್ದೆ ಅಣ್ಣ? ಕಾಯಿ ಮುಟ್ಟಿದ್ರೆ ಸಾಕು, 'ಅದು ನಿನ್ನ ಆಟ, ಮಾತ್ರೆಯಣ್ಣ ಹಂಗಾಡಲ್ಲ, ಇಲ್ಲಿ ಅವನು ಕಾಯ್ತಾನೆ' ಅಂತ ವಾಪಸ್ ಇಡ್ತಿದ್ರು. ನೀವು ಹಿಂದಿನ ಸಂಜೆ ಆಡಿದ್ದನ್ನೇ ನಾನು ಆಡ್ಬೇಕು. ನೀವು ಯಾವಾಗ ಕೆಮ್ತೀರಿ ಅನ್ನೋದೂ ನಂಗೆ ಬಾಯಿಪಾಠ. ಒಂದ್ಸಲ ನನ್ ಜೊತೆ ಆಡಿ ಅಂದೆ. 'ಮೊದ್ಲು ಅವನನ್ನ ಸೋಲಿಸ್ತೀನಿ ತಡಿ' ಅಂದ್ರು. ಸುಳ್ಳು ಯಾಕೆ ಹೇಳ್ಲಿ, ನಿಮ್ಮ ಹೆಸರು ಕೇಳಿದ್ರೆ ಮೈ ಉರೀತಿತ್ತು."

ಮಾತ್ರೆಯಣ್ಣ ಬೆಂಚಿನ ಮೇಲೆ ತುಸು ಸರಿದು ಅವನಿಗೆ ಜಾಗ ಮಾಡಿಕೊಟ್ಟ.

"ನಿನ್ನೆ ಬೆಳಿಗ್ಗೆ ಒಂದು ನಡೆ ಸಿಕ್ತು," ಎಂದ ಬೇಕರಿಯವನು. "ಎಲ್ಲಾ ಕಡೆಯಿಂದ ನೋಡಿದ್ವಿ. ನಿಮಗೆ ದಾರೀನೇ ಇರಲಿಲ್ಲ. ಸಂಜೆ ನೋಡು ಅಂತ ಎದ್ದು ಹೋದ್ರು."

ನಿನ್ನೆ ಸಂಜೆ ದರ್ಜಿ ಬಂದಿರಲಿಲ್ಲ. ಮೈ ಭಾರವೆಂದು ಹೇಳಿ ಕಳಿಸಿದ್ದ.

"ಯಾವ ನಡೆ?"

ಬೇಕರಿಯವನು ಬಹಳ ಹೊತ್ತು ತೋಳಿನ ಹಿಟ್ಟನ್ನು ಉಜ್ಜಿಕೊಂಡ.

"ಬೇಡ ಅಣ್ಣ. ಮಿಕ್ಕಿದ್ದೆಲ್ಲ ನಿಮ್ದೇ. ಅದೊಂದು ನಂಗಿರ್ಲಿ."

ಗಾಡಿ ಬಂತು. ತಲೆಯ ಕಡೆಗೆ ಇಬ್ಬರೂ ಹೆಗಲು ಕೊಟ್ಟರು, ಒಬ್ಬರ ಮುಖ ಒಬ್ಬರು ನೋಡದೆ.

ಸ್ಮಶಾನದಲ್ಲಿ ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿ ಹಿಂದೆ ಸರಿದರು. ಅವರಿಬ್ಬರೇ ನಿಂತರು. ಕಣ್ಣು ಮುಚ್ಚಿದ ಬೇಕರಿಯವನ ತುಟಿ ಅಲ್ಲಾಡುತ್ತಿತ್ತು. ಅವನು ಏನು ಬೇಡುತ್ತಿದ್ದಾನೋ ಎಂದು ಮಾತ್ರೆಯಣ್ಣ ಒಂದು ಗಳಿಗೆ ಕಿವಿಗೊಟ್ಟ. ಏನೂ ಕೇಳಿಸಲಿಲ್ಲ. ಆಗ ತಾನೂ ಕೈ ಮುಗಿದ.

"ದೇವರೇ, ಇವನಿಗೆ ಶಾಂತಿ ಕೊಡು. ಸುಸ್ತಾಗಿದ್ದಾನೆ, ಮಲಗಲಿ. ನಾನು ಬರೋವರೆಗೆ ಇವನ ಎದುರು ಯಾರನ್ನೂ ಕೂರಿಸ್ಬೇಡ."