ಕಾದವಳ ಹಟ್ಟಿ

ನಮ್ಮೂರಿನ ಹೆಸರು ಕೇಳಿದ ಹೊಸಬರ ಕಣ್ಣು ತಕ್ಷಣ ಒದ್ದೆಯಾಗುತ್ತದೆ. ಗಣಿಯ ಬಾಯಲ್ಲಿ ನಿಂತು, ಬಾರದ ಗಂಡನ ದಾರಿ ನೋಡುತ್ತ ಮುದುಕಿಯಾದ ಹೆಂಗಸೊಬ್ಬಳನ್ನು ಅವರೇ ಕಲ್ಪಿಸಿಕೊಳ್ಳುತ್ತಾರೆ. ಆ ಹೆಂಗಸು ನನ್ನ ಅಜ್ಜಿ. ಅವಳು ಗಣಿಯ ದೀಪದ ಕೋಣೆಯವನನ್ನು ಮದುವೆಯಾಗಿ, ಮಕ್ಕಳನ್ನು ಹೆತ್ತು, ಸೊಸೆಯಂದಿರ ಜೊತೆ ಜಗಳವಾಡಿಕೊಂಡು ಸುಖವಾಗಿದ್ದಳು ಎಂದರೆ ಮುಖ ಹುಳ್ಳಗೆ ಮಾಡಿಕೊಳ್ಳುತ್ತಾರೆ. ಮೋಸವಾಯಿತು ಅನ್ನಿಸುತ್ತದೋ ಏನೋ.

ಮೊದಲು ಇಲ್ಲಿ ಕಲ್ಲು ಬಿಟ್ಟರೆ ಏನೂ ಇರಲಿಲ್ಲ. ಕೆಲಸದವರು ಬೆಳಿಗ್ಗೆ ಲಾರಿಯಲ್ಲಿ ಬಂದು ಸಂಜೆ ಲಾರಿಯಲ್ಲೇ ಹೋಗುತ್ತಿದ್ದರು. ಆ ಕುಲುಕಾಟ ಸಾಕಾಗಿ ಇಲ್ಲೇ ಗುಡಿಸಲು ಹಾಕಿದವನು ಅಜ್ಜಿಯ ಮೊದಲ ಗಂಡ. ವರ್ಷ ತುಂಬುವುದರೊಳಗೆ ಕೆಳಗಿನ ಸುರಂಗದ ಚಾವಣಿ ಕುಸಿಯಿತು. ಉಳಿದವರು ಹೊರಗೆ ಬಂದರು, ಅವನು ಬರಲಿಲ್ಲ. ಹೆಣವೂ ಸಿಗಲಿಲ್ಲ. ಗಣಿಯ ಮಾಲೀಕರು ಆ ಸುರಂಗಕ್ಕೆ ಗೋಡೆ ಕಟ್ಟಿಸಿ ಕೈತೊಳೆದುಕೊಂಡರು.

ಬದುಕಿದ್ದರೂ ಇರಬಹುದು, ಅತ್ತು ಅಪಶಕುನ ಮಾಡಬೇಡ ಎಂದು ಗಂಡಸರು ಅಜ್ಜಿಯ ಬಾಯಿ ಮುಚ್ಚಿಸಿದರು. ಅವಳು ಗುಡಿಸಲು ಬಿಟ್ಟು ಹೋಗಲಿಲ್ಲ. ಹೋಗುವುದಾದರೆ ಅಣ್ಣನ ಮನೆಗೆ ಹೋಗಬೇಕು. ಅತ್ತಿಗೆಯ ಕೈಕೆಳಗೆ ಬದುಕುವುದಕ್ಕಿಂತ ಇಲ್ಲಿ ಮೇಕೆ ಸಾಕುವುದೇ ವಾಸಿ ಎನ್ನುವುದು ಅವಳ ಲೆಕ್ಕ. ನೋಡಿದವರು ಬೇರೆಯೇ ತಿಳಿದುಕೊಂಡರು. ಅವಳ ಪಕ್ಕದಲ್ಲಿ ಇನ್ನಷ್ಟು ಗುಡಿಸಲುಗಳು ಎದ್ದವು. ಪೇಟೆಯಿಂದ ಸಾಮಾನು ತರುವವರನ್ನು ಇಳಿಸುವಾಗ ಲಾರಿಯವನು 'ಕಾದವಳ ಹಟ್ಟಿ' ಎಂದು ಕೂಗತೊಡಗಿದ. ಹೆಸರು ಅಂಟಿಕೊಂಡಿತು.

ದೀಪದ ಕೋಣೆಯಲ್ಲಿ ಒಂದು ದೊಡ್ಡ ಹಲಗೆ, ಅದರ ತುಂಬ ಮೊಳೆ. ಗಣಿಗೆ ಇಳಿಯುವವನು ತನ್ನ ಹಿತ್ತಾಳೆ ಬಿಲ್ಲೆಯನ್ನು ಮೊಳೆಗೆ ಹಾಕಿ ದೀಪ ತೆಗೆದುಕೊಳ್ಳಬೇಕು. ಮೇಲೆ ಬಂದು ದೀಪ ಕೊಟ್ಟು, ಬಿಲ್ಲೆಯನ್ನು ತಾನೇ ತೆಗೆದುಕೊಳ್ಳಬೇಕು. ಇನ್ನೊಬ್ಬರ ಬಿಲ್ಲೆ ಮುಟ್ಟುವ ಹಾಗಿಲ್ಲ. ಬಿಲ್ಲೆ ತೂಗುತ್ತಿದ್ದರೆ ಆಸಾಮಿ ಇನ್ನೂ ಕೆಳಗಿದ್ದಾನೆ ಎಂದರ್ಥ. ಸತ್ತವನ ಬಿಲ್ಲೆ ವರ್ಷಗಳಿಂದ ಅಲ್ಲೇ ತೂಗುತ್ತಿತ್ತು.

ದೀಪ ಒರೆಸುವ ಬಟ್ಟೆ ಒಗೆದುಕೊಡುವ ಕೆಲಸ ಅಜ್ಜಿಯದು. ಬಟ್ಟೆಯ ನೆಪದಲ್ಲಿ ದೀಪದವನು ದಿನಾ ಅವಳ ಬಾಗಿಲಲ್ಲಿ ಹಾಜರು. ಚೊಕ್ಕಟವಾಗಿದ್ದ ಬಟ್ಟೆಯನ್ನೂ ತರತೊಡಗಿದಾಗ, ವಿಷಯ ಏನೆಂದು ಅಜ್ಜಿ ನೇರವಾಗಿ ಕೇಳಿದಳಂತೆ. ಅವನು ಹೇಳಿದ, ಅವಳು ಒಪ್ಪಿದಳು.

ಹಟ್ಟಿ ಒಪ್ಪಲಿಲ್ಲ. ಬಿಲ್ಲೆ ಇನ್ನೂ ತೂಗುತ್ತಿರುವಾಗ ಮದುವೆ ಹೇಗೆ ಎಂದರು. ದೀಪದವನು ಅದನ್ನು ತೆಗೆದುಬಿಡಬಹುದಿತ್ತು, ಕೋಣೆಯ ಬೀಗದ ಕೈ ಅವನ ಸೊಂಟದಲ್ಲೇ ಇತ್ತು. ಆದರೆ ತನ್ನ ಮದುವೆಗಾಗಿ ಇನ್ನೊಬ್ಬನನ್ನು ಸಾಯಿಸಿದ ಹಾಗಾಗುತ್ತದೆ ಎಂದು ಅವನ ಕೈ ಏಳಲಿಲ್ಲ. ಎಲ್ಲರ ಹೊಟ್ಟೆಯೊಳಗಿನ ಮಾತನ್ನು ಕೊನೆಗೆ ಹೊರಗೆ ಹಾಕಿದವನು ಮೇಸ್ತ್ರಿ.

"ನೀನು ಕಾಯ್ತಿದ್ದೀಯ ಅನ್ನೋ ಧೈರ್ಯದ ಮೇಲೆ ನಾವು ಇಳೀತೀವಮ್ಮ. ನೀನೇ ಕೈಬಿಟ್ರೆ, ನಾಳೆ ನಮಗೋಸ್ಕರ ಯಾರು ಕಾಯ್ತಾರೆ?"

ಮಾರನೆಯ ದಿನ ಪಾಳಿ ಬದಲಾಗುವ ಹೊತ್ತಿಗೆ, ಎಲ್ಲರೂ ಸಾಲಾಗಿ ನಿಂತಿದ್ದಾಗ, ಅಜ್ಜಿ ದೀಪದ ಕೋಣೆಗೆ ಬಂದಳು. ಸೀದಾ ಹೋಗಿ ಬಿಲ್ಲೆಗೆ ಕೈಹಾಕಿದಳು.

"ನಾನು ಯಾರನ್ನೂ ಕಾಯ್ಲಿಲ್ಲ ಕಣ್ರಣ್ಣ," ಎಂದಳು. "ಗೋಡೆ ಕಟ್ಟಿದ ದಿನಾನೇ ನಂಗೆ ಗೊತ್ತಿತ್ತು, ಅವ್ರು ಹೋದ್ರು ಅಂತ. ನೀವೇ ಇದ್ದಾರೆ, ಇದ್ದಾರೆ ಅಂದ್ರಿ. ನಂಗೆ ಅಳೋಕೂ ಬಿಡ್ಲಿಲ್ಲ."

ಬಿಲ್ಲೆ ತೆಗೆದು ಮುಷ್ಟಿಯಲ್ಲಿ ಹಿಡಿದು, ಅಲ್ಲೇ ನೆಲದ ಮೇಲೆ ಕೂತು ಬಾಯಿಬಿಟ್ಟು ಅತ್ತಳು. ಮೇಸ್ತ್ರಿ ತಲೆಯ ಮೇಲಿನ ಟೋಪಿ ತೆಗೆದ, ಉಳಿದವರೂ ತೆಗೆದರು.

ಅವತ್ತು ಯಾರೂ ಗಣಿಗೆ ಇಳಿಯಲಿಲ್ಲ. ಸಂಜೆಯವರೆಗೆ ಒಬ್ಬೊಬ್ಬರಾಗಿ, ಸಾವಾದ ಮನೆಗೆ ಹೋಗುವ ಹಾಗೆ, ಅವಳ ಗುಡಿಸಲಿಗೆ ಹೋಗಿ ಕೂತು ಬಂದರು. ಎಲ್ಲರೂ ಎದ್ದ ಮೇಲೆ ದೀಪದವನೂ ಹೋದ. ಮದುವೆಯ ಮಾತೆತ್ತದೆ, ಸತ್ತವನು ಎಂಥವನಾಗಿದ್ದ ಎಂದು ಕೇಳಿದ. ಅವಳು ಹೇಳುತ್ತ ಹೋದಳು, ಅವನು ಕೇಳಿಸಿಕೊಳ್ಳುತ್ತ ಕೂತ.